ಸಹಿ ಸಾಹೇಬರ ಮೊದಲ ಪುಟ

ಸಹಿ ಸಾಹೇಬರಿಗೆ ಆ ಹೆಸರು ಬಿದ್ದದ್ದು ಅವರು ಸಾಹೇಬರಾಗಿದ್ದರು ಎಂಬ ಕಾರಣಕ್ಕಲ್ಲ. ದಾಖಲೆ ವಿಭಾಗಕ್ಕೆ ಕಾಲಿಟ್ಟ ದಿನದಿಂದಲೂ ಅವರು ಗುಮಾಸ್ತರೇ. ಮುಂದೆಯೂ ಗುಮಾಸ್ತರಾಗಿಯೇ ಉಳಿಯುವ ಎಲ್ಲ ಲಕ್ಷಣಗಳೂ ಅವರಲ್ಲಿದ್ದವು. ಆದರೆ ಸಹಿ ಹಾಕುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿರಲಿಲ್ಲ. ಕಚೇರಿಯಲ್ಲಿ ಸುತ್ತೋಲೆ ಬರುತ್ತದೆ, ಅದರ ಕೆಳಗೆ ಹನ್ನೊಂದು ಜನರ ಹೆಸರಿರುತ್ತದೆ, ಓದಿದವರು ತಮ್ಮ ಹೆಸರಿನ ಎದುರು ಒಂದು ಚಿಕ್ಕ ಸಹಿ ಗೀಚಿ ಪಕ್ಕದ ಮೇಜಿಗೆ ದಾಟಿಸಬೇಕು. ಸಾಹೇಬರು ಇಪ್ಪತ್ತೆಂಟು ವರ್ಷಗಳಿಂದ ಈ ಕೆಲಸದಲ್ಲಿ ಓದುವ ಭಾಗವನ್ನು ಕೈಬಿಟ್ಟು ಕಚೇರಿಯ ಅಮೂಲ್ಯ ಸಮಯವನ್ನು ಉಳಿಸುತ್ತ ಬಂದಿದ್ದರು.

ಇದರಿಂದ ಸಣ್ಣಪುಟ್ಟ ತೊಂದರೆಗಳು ಆಗಿರಲಿಲ್ಲವೆಂದಲ್ಲ. ಒಮ್ಮೆ ಕಚೇರಿಯ ಹಗ್ಗಜಗ್ಗಾಟದ ತಂಡಕ್ಕೆ ತಾವೇ ನಾಯಕರೆಂದು ಒಪ್ಪಿ ಸಹಿ ಹಾಕಿದ್ದು ಅವರಿಗೆ ತಿಳಿದದ್ದು, ಮೈದಾನದಲ್ಲಿ ಎದುರು ತಂಡದವರು ಅವರನ್ನು ಹಗ್ಗದ ಸಮೇತ ನಲವತ್ತು ಅಡಿ ಎಳೆದುಕೊಂಡು ಹೋಗುವಾಗ. ಮೊಣಕಾಲು ವಾಸಿಯಾಯಿತು. ಅಭ್ಯಾಸ ವಾಸಿಯಾಗಲಿಲ್ಲ.

ಅವರ ಹೆಂಡತಿಯದು ತದ್ವಿರುದ್ಧ ಸ್ವಭಾವ. ಅಂಗಡಿಯಿಂದ ಸೋಪು ತಂದರೆ ಅದರ ಹೊದಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿದ ಮೇಲೆಯೇ ಮುಖ ತೊಳೆಯುವ ಹೆಂಗಸು ಆಕೆ.

ಇವರಿಬ್ಬರೂ ಇದ್ದದ್ದು ಒಂದು ಮಹಡಿ ಮನೆಯಲ್ಲಿ, ಬಾಡಿಗೆಗೆ. ಕೆಳಗೆ ಮನೆಯೊಡತಿ. ಮೂವತ್ತೈದು ವರ್ಷ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದ ಒಂಟಿ ಜೀವ. ಬೀದಿಗೆಲ್ಲ ಹೆಡ್‌ ಮೇಡಂ. ಇಪ್ಪತ್ತೆರಡು ವರ್ಷಗಳಿಂದ ಮೇಲಿನವರಿಗೂ ಕೆಳಗಿನವರಿಗೂ ಒಂದು ಕರಾರುಪತ್ರ ಇರಲಿಲ್ಲ, ಒಂದು ಜಗಳವೂ ಇರಲಿಲ್ಲ. ಇದ್ದದ್ದು ಪದಬಂಧ. ದಿನವೂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸಾಹೇಬರ ಹೆಂಡತಿ ಕಂಪ್ಯೂಟರ್ ಹಚ್ಚುವರು. ತೆರೆದ ಕೂಡಲೇ ಮೊದಲ ಪುಟವಾಗಿ ಪತ್ರಿಕೆ ಬರುತ್ತಿತ್ತು, ಪತ್ರಿಕೆಯಲ್ಲಿ ಪದಬಂಧ. ಆಕೆ ಮೆಟ್ಟಿಲ ತುದಿಗೆ ಬಂದು ಸುಳಿವನ್ನು ಕೂಗುವರು. ಕಣ್ಣು ಮಂಜಾಗಿ ಸಣ್ಣಕ್ಷರ ಓದಲಾಗದ ಮೇಡಂ ಕೆಳಗಿನ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು, ಪೆನ್ಸಿಲಿನಲ್ಲಿ ದೊಡ್ಡಕ್ಷರವಾಗಿ ಗುರುತು ಹಾಕಿಕೊಳ್ಳುತ್ತ ಉತ್ತರ ಕೂಗುವರು. ಬೀದಿಯವರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಇಂಥ ನೆಮ್ಮದಿಯ ಮನೆಗೆ ಮೀನು ಬಂತು.

ಮೊದಲು ಬಂದದ್ದು ಎದುರುಮನೆಯ ಟೈಲರ್ ಮನೆಗೆ. ಆತ ಗಾಜಿನ ತೊಟ್ಟಿ ತಂದು ಐದು ಮೀನು ಬಿಟ್ಟ. ಸಾಹೇಬರ ಹೆಂಡತಿ ಹೋಗಿ ನೋಡಿ ಬಂದವರು, "ಎಷ್ಟು ಚೆನ್ನಾಗಿವೆ ರೀ! ನೋಡ್ತಾ ಇದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ" ಎಂದರು. ಆ ಮಾತು ಸಾಹೇಬರ ಹೊಟ್ಟೆಯೊಳಗೆ ಕಿಚ್ಚು ಹಚ್ಚಿತು.

"ಐದು ಮೀನು ಏನು ಮಹಾ?" ಎಂದರು. "ನಮ್ಮ ಕಂಪ್ಯೂಟರ್‌ನಲ್ಲಿ ಐವತ್ತು ಬಿಡ್ತೀನಿ ನೋಡು. ತಿಂಡಿ ಹಾಕಬೇಕಾಗಿಲ್ಲ, ನೀರು ಬದಲಾಯಿಸಬೇಕಾಗಿಲ್ಲ."

ಆ ಸಂಜೆಯೇ ಹುಡುಕಿದರು. ಪುಕ್ಕಟೆ ಮೀನು ಸಿಕ್ಕಿತು. ಇಳಿಸಿಕೊಳ್ಳಲು ಒತ್ತಿದರೆ ಒಂದರ ಹಿಂದೊಂದು ಚೌಕಗಳು ಬಂದವು. ಪ್ರತಿಯೊಂದರಲ್ಲೂ ಇರುವೆಯ ಗಾತ್ರದ ಅಕ್ಷರದಲ್ಲಿ ಹತ್ತಿಪ್ಪತ್ತು ಸಾಲು, ಕೆಳಗೆ 'ಒಪ್ಪಿದೆ' ಎಂಬ ದೊಡ್ಡ ಹಸಿರು ಗುಂಡಿ. ಸಾಹೇಬರ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ಕೆಲಸ! ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಏಳು ಚೌಕಗಳನ್ನು ಹನ್ನೆರಡು ಸೆಕೆಂಡಿನಲ್ಲಿ ವಿಲೇವಾರಿ ಮಾಡಿದರು. ಎಂಟನೆಯದು ಹೆಸರು, ಮನೆಯ ವಿಳಾಸ, ಎಷ್ಟು ಕೋಣೆ ಎಂದು ಕೇಳಿತು. ಮೀನಿಗೆ ಕೋಣೆಯ ಲೆಕ್ಕ ಯಾಕೆ ಎಂದು ಬೇರೆಯವರಾದರೆ ಯೋಚಿಸುತ್ತಿದ್ದರೇನೋ. ಖಾಲಿ ನಮೂನೆ ಕಂಡರೆ ತುಂಬದೆ ಬಿಟ್ಟು ಗೊತ್ತಿಲ್ಲದ ಸಾಹೇಬರು ಅಡುಗೆಮನೆಗೆ ಎರಡು ಕಿಟಕಿ ಇರುವುದನ್ನೂ ಸೇರಿಸಿ ತುಂಬಿದರು.

ಮೀನುಗಳೇನೋ ಬಂದವು. ಪರದೆಯ ಈ ಕಡೆಯಿಂದ ಆ ಕಡೆಗೆ ಈಜಿದವು. ಸಾಹೇಬರು ಟೈಲರ್‌ಗೆ, "ನಾಳೆ ಬೆಳಿಗ್ಗೆ ಬನ್ನಿ, ಒಂದು ತಮಾಷೆ ತೋರಿಸ್ತೀನಿ" ಎಂದು ಆಹ್ವಾನ ಕೊಟ್ಟು ನಿಶ್ಚಿಂತೆಯಿಂದ ಮಲಗಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹೆಂಡತಿ ಕಂಪ್ಯೂಟರ್ ಹಚ್ಚಿದಾಗ ಪತ್ರಿಕೆ ಬರಲಿಲ್ಲ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಪುಟವೊಂದು ಬಂತು. ಅದರ ತುಂಬ ಮನೆಗಳು. ಮಧ್ಯೆ ಪೆಟ್ಟಿಗೆ ಹೊತ್ತುಕೊಂಡು ಹಲ್ಲು ಕಿಸಿಯುತ್ತಿರುವ ಒಂದು ಸಂಸಾರ. ಮೇಲೆ ಗುಡಾಣದಂಥ ಅಕ್ಷರಗಳಲ್ಲಿ: 'ಇನ್ನೂ ಅದೇ ಹಳೇ ಮನೆಯಲ್ಲಿದ್ದೀರಾ? ಸಾಕು, ಹೊರಡಿ!'

ಹೆಂಡತಿ ಪತ್ರಿಕೆಯ ವಿಳಾಸವನ್ನು ಕೈಯಾರೆ ಟೈಪು ಮಾಡಿದರು. ಕಿತ್ತಳೆ ಪುಟವೇ ಬಂತು. ಮುಚ್ಚಿ ತೆರೆದರು. ಮತ್ತೆ ಅದೇ ಸಂಸಾರ, ಅದೇ ಹಲ್ಲು.

ಅಷ್ಟರಲ್ಲಿ ಟೈಲರ್ ಬಂದು ಪರದೆಯ ಮುಂದೆ ನಿಂತಿದ್ದ. ಏಳು ಹತ್ತಾದರೂ ಸುಳಿವು ಕೇಳಿಸದ್ದರಿಂದ ಮೇಡಂ ಕೂಡ ಮೆಟ್ಟಿಲೇರಿ ಬಂದಿದ್ದರು. ಆ ಅಕ್ಷರಗಳು ಮೇಡಂ ಕಣ್ಣಿಗೂ ಕಾಣುವಷ್ಟು ದೊಡ್ಡವು.

"ಏನಿದು ಸಾಹೇಬ್ರೇ, ಮನೆ ಚಿತ್ರ?" ಎಂದ ಟೈಲರ್.

ಮೀನು ತರಲು ಹೋಗಿ ಕಂಪ್ಯೂಟರ್ ಕೆಡಿಸಿಕೊಂಡೆ ಎಂದು ಟೈಲರ್‌ನ ಮುಂದೆ ಒಪ್ಪಿಕೊಳ್ಳುವುದೇ? ಸಾಹೇಬರು ಎದೆ ಸೆಟೆಸಿದರು.

"ಏನಿಲ್ಲ, ನಾನೇ ಬೇಕೂಂತ ಹಾಕ್ಕೊಂಡಿದ್ದು. ದಿನಾ ಬೆಳಿಗ್ಗೆ ಒಂದಷ್ಟು ಮನೆ ನೋಡೋಣಾಂತ."

ಮೇಡಂ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಟೈಲರ್ ಮೀನು ನೋಡಲು ನಿಲ್ಲಲಿಲ್ಲ. ಊರಿನ ಅಂಗಿಗಳಿಗೆಲ್ಲ ಗುಂಡಿ ಹಾಕಿಕೊಡುವ ಆತ ತನ್ನ ಬಾಯಿಗೆ ಮಾತ್ರ ಒಂದು ಗುಂಡಿಯನ್ನೂ ಹಾಕಿಕೊಂಡಿರಲಿಲ್ಲ. ಮಧ್ಯಾಹ್ನದೊಳಗೆ, ಸಾಹೇಬರು ಮನೆ ಬಿಡುತ್ತಿದ್ದಾರೆ ಎಂಬ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿ ವಾಪಸು ಬಂದಿತ್ತು.

ಮರುದಿನ ಹೆಂಡತಿ ತನ್ನ ತಮ್ಮನನ್ನು ಕರೆಸಿದರು. ಆತ ಲಿಫ್ಟ್ ಮೆಕ್ಯಾನಿಕ್. ವಿದ್ಯುತ್ತಿನಿಂದ ನಡೆಯುವ ಯಾವ ಯಂತ್ರಕ್ಕಾದರೂ ಆತನ ಚಿಕಿತ್ಸೆ ಒಂದೇ: ಆರಿಸುವುದು, ಎಂಬತ್ತರವರೆಗೆ ಎಣಿಸುವುದು, ಹಚ್ಚುವುದು.

"ಭಾವ, ಇದು ನಡುವೆ ಸಿಕ್ಕಾಕ್ಕೊಂಡಿದೆ" ಎಂದ ಆತ ಗಂಭೀರವಾಗಿ.

"ಯಾವುದರ ನಡುವೆ?"

"ಅದು ಒಳಗಿನ ವಿಷಯ ಭಾವ. ಹೇಳಿದ್ರೆ ಅರ್ಥ ಆಗಲ್ಲ."

ಮೂರು ಸಲ ಎಂಬತ್ತು ಎಣಿಸಿದ ಮೇಲೂ ಸಂಸಾರ ಹಲ್ಲು ಕಿಸಿಯುತ್ತಲೇ ಇತ್ತು. ಆಮೇಲೆ ಆತ ಕಂಪ್ಯೂಟರನ್ನು ತೊಳೆದು ಶುಚಿಮಾಡುವಂಥದ್ದೊಂದನ್ನು ಪುಕ್ಕಟೆಯಾಗಿ ಇಳಿಸಿದ. ಅದರಲ್ಲೂ ಚೌಕಗಳು ಬಂದವು. "ಇತ್ತ ಕೊಡಪ್ಪಾ, ಇದರಲ್ಲಿ ನಂದು ಪಳಗಿದ ಕೈ" ಎಂದು ಸಾಹೇಬರು ಮೌಸ್ ಕಸಿದುಕೊಂಡು ಎಲ್ಲವನ್ನೂ ಒಪ್ಪಿದರು. ಈಗ ಮೊದಲು ಕುದುರೆ ಲಾಳ ಮಾರುವ ಪುಟ ತೆರೆದು, ಅದು ಐದು ಎಣಿಸುವುದರೊಳಗೆ ಮಾಯವಾಗಿ, ಕಿತ್ತಳೆ ಸಂಸಾರ ಬರತೊಡಗಿತು.

"ನೋಡಿ, ಸ್ವಲ್ಪ ಬದಲಾವಣೆ ಆಯ್ತಲ್ಲ" ಎಂದು ಭಾಮೈದ ಸಲಕರಣೆಯ ಚೀಲ ಹೆಗಲಿಗೇರಿಸಿದ.

ಬುಧವಾರ ಬಾಗಿಲು ತಟ್ಟಿದ ಸದ್ದಾಯಿತು. ಗಂಡ ಹೆಂಡತಿ ಇಬ್ಬರು, ಕೈಯಲ್ಲಿ ಅಳತೆಯ ಟೇಪು. "ಮನೆ ಖಾಲಿಯಾಗತ್ತೆ ಅಂತ ಕಂಪ್ಯೂಟರ್‌ನಲ್ಲಿ ನೋಡಿದ್ವಿ. ಅಡುಗೆಮನೆಗೆ ಎರಡು ಕಿಟಕಿ ಇರೋದು ಇದೇ ಅಲ್ವಾ?" ಎನ್ನುತ್ತ ಒಳಗೇ ಬಂದರು. ಸಾಹೇಬರ ಹೆಂಡತಿ ಬೇಡ ಎನ್ನುವುದರೊಳಗೆ ಅಡುಗೆಮನೆಯ ಅಗಲ ಅಳೆದು, ಅವರ ಕಪಾಟನ್ನು ಎಲ್ಲಿಗೆ ಸರಿಸಿದರೆ ತಮ್ಮ ಕಪಾಟು ಹಿಡಿಯುತ್ತದೆಂದು ಜಗಳವನ್ನೂ ಶುರುಮಾಡಿಕೊಂಡರು. ಆ ಜಗಳ ಬಿಡಿಸಲು ಸಾಹೇಬರ ಹೆಂಡತಿಯೇ ಚಹಾ ಮಾಡಬೇಕಾಯಿತು.

ಗುರುವಾರ ಬಂದವನು ತುತ್ತೂರಿ ವಾದಕ. "ಗೋಡೆ ದಪ್ಪ ಇದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮಹಡಿಯ ಕೋಣೆಯ ನಡುವೆ ನಿಂತು ಒಂದು ಸಲ ಊದಿದ. ಕೆಳಗೆ ಮೇಡಂ ಮನೆಯ ತಟ್ಟೆಗಳು ಗಲಗಲ ಎಂದವು. "ಚೆನ್ನಾಗಿ ಕೇಳಿಸುತ್ತೆ. ನನಗೆ ಒಪ್ಪಿಗೆ" ಎಂದು ಹೇಳಿ, ಇಳಿದು ಹೋಗುವಾಗ ಮೇಡಂಗೆ ಕೈಮುಗಿದು, "ಇವರು ಹೋದ ಮೇಲೆ ದಿನಾ ಬೆಳಿಗ್ಗೆ ಐದರಿಂದ ಅಭ್ಯಾಸ, ಅಮ್ಮಾ" ಎಂದ.

ಇನ್ನು ಸುಮ್ಮನಿದ್ದರೆ ಮನೆ ಕೈಬಿಟ್ಟು ಹೋಗುತ್ತದೆ ಎಂದು ಸಾಹೇಬರಿಗೆ ಆಗ ಹೊಳೆಯಿತು. ಇಪ್ಪತ್ತೆರಡು ವರ್ಷದ ಮನೆ! ಎಷ್ಟನೆಯ ಮೆಟ್ಟಿಲು ಕಿರುಗುಟ್ಟುತ್ತದೆ ಎಂಬುದು ಕಾಲಿಗೇ ಗೊತ್ತು. ಓಡಿಹೋಗಿ ಮೇಡಂ ಮುಂದೆ ನಿಂತರು.

"ಮೇಡಂ, ನಾವು ಎಲ್ಲಿಗೂ ಹೋಗ್ತಿಲ್ಲ. ಆ ಪುಟ ನಾನು ಹಾಕಿದ್ದಲ್ಲ. ಅದು ತಾನಾಗೇ ಬರುತ್ತೆ."

ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು.

"ತಾನಾಗೇ," ಎಂದರು. "ನನ್ನ ಶಾಲೇಲಿ ಮೂವತ್ತೈದು ವರ್ಷ ಕಿಟಕಿ ಗಾಜೆಲ್ಲ ತಾನಾಗೇ ಒಡೀತು. ಸೀಮೆಸುಣ್ಣ ತಾನಾಗೇ ಹಾರ್ತಿತ್ತು. ನನ್ನ ಕುರ್ಚಿ ಮೇಲೆ ಗೋಂದು ತಾನಾಗೇ ಬಂದು ಕೂರ್ತಿತ್ತು. ಬೇಕೂಂತ ಹಾಕ್ಕೊಂಡಿದ್ದು ಅಂತ ಸೋಮವಾರ ಯಾರು ಹೇಳಿದ್ದು?"

"ನಾನೇ ಮೇಡಂ. ಆದ್ರೆ ಅದು ಸುಳ್ಳು."

"ಸೋಮವಾರದ್ದು ಸುಳ್ಳಾ, ಇವತ್ತಿಂದು ಸುಳ್ಳಾ?"

ಸಾಹೇಬರಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಾವು ಮೂರನೆಯ ಬೆಂಚಿನ ತುದಿಯಲ್ಲಿ ನಿಂತ ಹಾಗಾಯಿತು. ಪೆಚ್ಚುಮೋರೆ ಹಾಕಿಕೊಂಡು ಮಹಡಿ ಹತ್ತಿದರು.

ಶುಕ್ರವಾರ ಕಚೇರಿಯಲ್ಲಿ ಒಂದು ದಪ್ಪ ಕಾಗದ ಮೇಜಿಂದ ಮೇಜಿಗೆ ಬಂತು. ಸಾಹೇಬರು ಮನಸ್ಸು ಕೆಟ್ಟಿದ್ದರೂ ಕರ್ತವ್ಯ ಮರೆಯುವವರಲ್ಲ. ಸಹಿ ಗೀಚಿ ಮುಂದೆ ದಾಟಿಸಿದರು. ನಾಲ್ಕು ಗಂಟೆಗೆ ಸೂಪರಿಂಟೆಂಡೆಂಟ್ ಅವರನ್ನು ನಡುಕೋಣೆಗೆ ಕರೆದರು. ಎಲ್ಲರೂ ಎದ್ದು ನಿಂತಿದ್ದರು. ಮೇಜಿನ ಮೇಲೆ ಬಿಸ್ಕತ್ತುಗಳ ತಟ್ಟೆ, ಒಂದು ಗೋಡೆ ಗಡಿಯಾರ.

"ನನ್ನ ಅಂಗಿ ಹೊಲಿಯೋ ನಿಮ್ಮ ಎದುರುಮನೆ ಟೈಲರ್ ಹೇಳಿದ. ನೀವು ಮನೆ ಬಿಟ್ಟು ದೂರ ಹೋಗ್ತಿದ್ದೀರಂತೆ, ಕೆಲಸಾನೂ ಬಿಡ್ತೀರಂತೆ," ಎಂದು ಸೂಪರಿಂಟೆಂಡೆಂಟ್ ಗದ್ಗದರಾದರು. "ನಮಗೆ ಒಂದು ಮಾತು ಹೇಳ್ಲಿಲ್ಲ. ಇರ್ಲಿ. ಇದು ಎಲ್ಲರ ಪ್ರೀತಿಯ ಕಾಣಿಕೆ." ದಪ್ಪ ಕಾಗದವನ್ನು ಗಟ್ಟಿಯಾಗಿ ಓದಿದರು: "'ನಮ್ಮ ಸಹಿ ಸಾಹೇಬರು ಇಲ್ಲದ ಕಚೇರಿಯನ್ನು ನಾವು ಊಹಿಸಲಾರೆವು. ಅವರು ಹೋಗುತ್ತಿರುವುದು ನಮಗೆ ಒಪ್ಪಿಗೆ ಇಲ್ಲದಿದ್ದರೂ ಬೀಳ್ಕೊಡುತ್ತಿದ್ದೇವೆ.' ಕೆಳಗೆ ಹನ್ನೊಂದು ಜನರ ಸಹಿ."

"ಹನ್ನೊಂದಾ?" ಎಂದ ಜವಾನ. "ನಾವು ಇವರನ್ನ ಬಿಟ್ರೆ ಹತ್ತೇ ಜನ ಅಲ್ವಾ ಸಾರ್?"

ಎಲ್ಲರೂ ಬಗ್ಗಿ ನೋಡಿದರು. ಏಳನೆಯ ಸಾಲಿನಲ್ಲಿ, ತಮ್ಮನ್ನು ತಾವೇ ಊಹಿಸಲಾರದ ಸಾಹೇಬರ ಚಿಕ್ಕ ಸಹಿ ಅಚ್ಚುಕಟ್ಟಾಗಿ ಕೂತಿತ್ತು. ನಗು ನಿಲ್ಲಲು ಐದು ನಿಮಿಷ ಹಿಡಿಯಿತು. ಅಷ್ಟರೊಳಗೆ ಸಾಹೇಬರು ನಿಜ ಸಂಗತಿಯನ್ನೆಲ್ಲ ಹೇಳಿದರು, ಬಿಸ್ಕತ್ತೂ ತಿಂದರು. ಗಡಿಯಾರವನ್ನು ಮಾತ್ರ ಸೂಪರಿಂಟೆಂಡೆಂಟ್ ನಯವಾಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮನೆಗೆ ಬಂದವರೇ ಸಾಹೇಬರು ಹೆಂಡತಿಯ ಎದುರು ಕುಕ್ಕರಿಸಿದರು.

"ನನ್ನ ಬೀಳ್ಕೊಡುಗೆಗೆ ನಾನೇ ಸಹಿ ಹಾಕಿದೆ ಕಣೇ."

ಹೆಂಡತಿ ನಗಲಿಲ್ಲ. "ಆ ಮೀನು ತರುವಾಗ ಏನೇನು ಒತ್ತಿದ್ರಿ?" ಎಂದರು.

"ಒಪ್ಪಿದೆ ಒತ್ತಿದೆ."

"ಓದಿದ್ರಾ?"

ಸಾಹೇಬರು ಸೂರು ನೋಡಿದರು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೆಂಡತಿ ಕಂಪ್ಯೂಟರ್ ಮುಂದೆ ಕೂತರು, ಸೋಪಿನ ಹೊದಿಕೆ ಓದುವ ಗಾಂಭೀರ್ಯದಿಂದ. ಮೀನಿನ ಒಪ್ಪಂದವನ್ನು ಹುಡುಕಿ ತೆಗೆದು ಒಂದೊಂದು ಸಾಲನ್ನೂ ಓದಿ ಹೇಳಿದರು. ಎರಡನೆಯ ಚೌಕದಲ್ಲಿ, ನಿಮ್ಮ ಮೊದಲ ಪುಟವನ್ನು ನಾವು ಬದಲಾಯಿಸಲು ಒಪ್ಪಿದ್ದೀರಿ. ನಾಲ್ಕನೆಯದರಲ್ಲಿ, ನೀವು ಬೇರೆ ಪುಟಕ್ಕೆ ಹೋದರೆ ವಾಪಸು ಕರೆತರಲು ಒಪ್ಪಿದ್ದೀರಿ. ಏಳನೆಯದರಲ್ಲಿ, ನಿಮ್ಮ ಮನೆ ಖಾಲಿಯಾಗಲಿದೆ ಎಂದು ನಾಲ್ಕು ಜನಕ್ಕೆ ತಿಳಿಸಲು ಒಪ್ಪಿದ್ದೀರಿ.

"ಇಷ್ಟೆಲ್ಲ ನಾನೇ ಹೇಳಿದ್ನಾ!" ಎಂದು ಸಾಹೇಬರು ಬೆರಗಾದರು.

ಹೆಂಡತಿ ಮೊದಲು ಮನೆಯ ಜಾಹೀರಾತನ್ನು ಅಳಿಸಿದರು. ತಮ್ಮನ ಶುಚಿಕಾರಕವನ್ನು ಕಿತ್ತರು. ಮೀನನ್ನು ಕೀಳಲು ಹೊರಟಾಗ ಇನ್ನೊಂದು ಚೌಕ ಬಂತು. 'ಮೀನುಗಳು ಅಳುತ್ತಿವೆ' ಎಂದಿತ್ತು. ಕೆಳಗೆ ಹಸಿರಿನಲ್ಲಿ ದೊಡ್ಡದಾಗಿ 'ಸರಿ, ಇರಲಿ'. ಮೂಲೆಯಲ್ಲಿ ಕಂಡೂ ಕಾಣದ ಬೂದು ಬಣ್ಣದಲ್ಲಿ 'ತೆಗೆಯಿರಿ'.

"ನೀವೇ ಒತ್ತಿ" ಎಂದು ಹೆಂಡತಿ ಮೌಸ್ ಬಿಟ್ಟುಕೊಟ್ಟರು.

ಸಾಹೇಬರ ಬೆರಳು ತಾನಾಗಿ ಹಸಿರಿನ ಕಡೆಗೆ ನಡೆಯಿತು. ಅರ್ಧ ದಾರಿಯಲ್ಲಿ ನಿಂತಿತು. ಸಾಹೇಬರು ಕನ್ನಡಕ ಹಾಕಿಕೊಂಡು ಇಡೀ ಚೌಕವನ್ನು ಎರಡು ಸಲ ಓದಿದರು. ಆಮೇಲೆ, ಐವತ್ತು ಮೀನುಗಳ ಕಣ್ಣೀರನ್ನೂ ಲೆಕ್ಕಿಸದೆ, ಬೂದು ಬಣ್ಣವನ್ನು ಒತ್ತಿದರು. ಹೆಂಡತಿ ಮೊದಲ ಪುಟದ ಜಾಗದಲ್ಲಿ ಪತ್ರಿಕೆಯ ವಿಳಾಸ ಬರೆದು, ಮುಚ್ಚಿ ತೆರೆದರು. ಪತ್ರಿಕೆ ಬಂತು. ಪದಬಂಧ ಬಂತು. ಆಕೆಯ ಕಣ್ಣಲ್ಲಿ ನೀರು ಬಂತು.

ಆಗಲೇ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಒಂಬತ್ತನೆಯ ಮೆಟ್ಟಿಲು ಕಿರುಗುಟ್ಟಿತು. ಮೇಡಂ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಕಾಗದ. ಅವರ ಹಿಂದೆ, ಸಾಕ್ಷಿಗೆಂದು ಕರೆತಂದಿದ್ದ ಟೈಲರ್.

"ಮೇಡಂ, ಪುಟ ಸರಿಹೋಯ್ತು, ನೋಡಿ!" ಎಂದು ಸಾಹೇಬರ ಹೆಂಡತಿ ಕೂಗಿದರು.

"ಪುಟದ ಮಾತು ಆಮೇಲೆ," ಎಂದರು ಮೇಡಂ. ಮುಖ ಗಂಟಿಕ್ಕಿತ್ತು. "ಇಷ್ಟು ವರ್ಷ ಬಾಯಿಮಾತಲ್ಲೇ ನಡೀತು. ನಂದೇ ತಪ್ಪು. ಈಗ ಬರವಣಿಗೇಲಿ ಆಗಿಬಿಡ್ಲಿ. ಸಾಹೇಬ್ರೇ, ಇದಕ್ಕೊಂದು ಸಹಿ ಹಾಕಿ."

ಕಾಗದ ಮೇಜಿನ ಮೇಲೆ ಬಂತು. ಶಾಲೆಯ ಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರ, ಕೆಳಗೆ ಸಹಿಗೆ ಜಾಗ. ಮನೆ ಬಿಡುವ ಕಾಗದವಲ್ಲದೆ ಇನ್ನೇನು ಎಂದುಕೊಂಡ ಹೆಂಡತಿಯ ಮುಖ ಬಿಳಿಚಿತು. ಸಾಹೇಬರ ಬಲಗೈ ಇಪ್ಪತ್ತೆಂಟು ವರ್ಷಗಳ ನಿಷ್ಠೆಯಿಂದ ಜೇಬಿಗೆ ಹೋಯಿತು. ಪೆನ್ನು ಹೊರಬಂತು. ಮುಚ್ಚಳ ತೆರೆಯಿತು. ಮೊನೆ ಕಾಗದವನ್ನು ಮುಟ್ಟಿತು.

"ರೀ!" ಎಂದರು ಹೆಂಡತಿ.

ಪೆನ್ನು ನಿಂತಿತು. ಸಾಹೇಬರು ತಲೆಯೆತ್ತಿ ಮೇಡಂ ಮುಖ ನೋಡಿದರು.

"ಮೇಡಂ, ತಪ್ಪು ತಿಳೀಬೇಡಿ. ಓದ್ತೀನಿ."

"ಯಾಕೆ?" ಎಂದರು ಮೇಡಂ. ಅವರು ಮೊದಲ ಸಲ ಗಲಿಬಿಲಿಗೊಂಡಂತೆ ಕಂಡರು. "ನೀವು ಓದೋರಲ್ವಲ್ಲ. ಹಾಕಿಬಿಡಿ ಸುಮ್ನೆ."

"ಇಲ್ಲ ಮೇಡಂ, ಓದ್ಲೇಬೇಕು." ಸಾಹೇಬರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದತೊಡಗಿದರು.

"'ಒಂದು. ಈ ಕೆಳಗೆ ಸಹಿ ಮಾಡಿದವರು ಇನ್ನು ಹತ್ತು ವರ್ಷ ಈ ಮನೆಯನ್ನು ಬಿಟ್ಟು ಹೋಗತಕ್ಕದ್ದಲ್ಲ.'"

ಟೈಲರ್ ಇನ್ನೂ ಚೆನ್ನಾಗಿ ಕೇಳಲೆಂದು ಬಾಗಿಲಿಂದ ಒಳಗೆ ಬಂದ.

"'ಎರಡು. ಹತ್ತು ವರ್ಷದ ನಂತರವೂ ಹೋಗುವುದಾದರೆ ಮನೆಯೊಡತಿಯ ಲಿಖಿತ ಅನುಮತಿ ಪಡೆಯತಕ್ಕದ್ದು. ಅದನ್ನು ಕೊಡಲಾಗುವುದಿಲ್ಲ. ಮೂರು. ಬೆಳಿಗ್ಗೆ ಏಳಕ್ಕೆ ಪದಬಂಧದ ಸುಳಿವನ್ನು ಮೆಟ್ಟಿಲ ತುದಿಯಿಂದ ಸ್ಪಷ್ಟವಾಗಿ ಕೂಗತಕ್ಕದ್ದು. ನಾಲ್ಕು. ತುತ್ತೂರಿಯವನನ್ನು ಬೀದಿಯೊಳಗೆ ಬಿಟ್ಟುಕೊಳ್ಳತಕ್ಕದ್ದಲ್ಲ. ಐದು. ಸಾಹೇಬರು ಕಂಪ್ಯೂಟರಿನಲ್ಲಿ ಏನನ್ನಾದರೂ ಒತ್ತುವ ಮೊದಲು ಹೆಂಡತಿಯನ್ನು ಕೇಳತಕ್ಕದ್ದು.'"

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು.

"ಓದದೆ ಹಾಕ್ತೀರಾಂತ ನಂಬ್ಕೊಂಡು ಬರೆದೆ," ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿನಿಯ ದನಿಯಲ್ಲಿ. "ಕೇಳಿದ್ರೆ ಇಲ್ಲ ಅಂತೀರೇನೋಂತ ಭಯ ಆಯ್ತು. ನನಗೆ ಬೇರೆಯವರ ಹೆಜ್ಜೆ ಸದ್ದು ಈಗ ಅಭ್ಯಾಸ ಆಗಲ್ಲಪ್ಪ. ಓದಿಬಿಟ್ರಲ್ಲ, ಇನ್ನೇನು. ಇತ್ತ ಕೊಡಿ, ಹರಿದು ಹಾಕ್ತೀನಿ."

ಸಾಹೇಬರು ಕೊಡಲಿಲ್ಲ. ಕುರ್ಚಿ ಎಳೆದು ಕೂತರು. ಎಂದಿನ ಚಿಕ್ಕ ಸಹಿ ಗೀಚಲಿಲ್ಲ; ತಂದೆ ತಾಯಿ ಇಟ್ಟ ಪೂರ್ತಿ ಹೆಸರನ್ನು, ಒಂದೊಂದೇ ಅಕ್ಷರವಾಗಿ, ನಿಧಾನಕ್ಕೆ ಬರೆದರು. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಓದಿ ಹಾಕಿದ ಮೊದಲ ಸಹಿ ಅದು. ಅವರಿಗೆ ತುಂಬ ಸಂತೋಷವಾಯಿತು. ಸಾಕ್ಷಿಯ ಜಾಗದಲ್ಲಿ ಟೈಲರ್ ಸಹಿ ಹಾಕಿದ. ಆತ ಓದಲಿಲ್ಲ.

ಮೇಡಂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಳಗಿಳಿದು ಹೋಗಿ, ಕುರ್ಚಿ ಎಳೆದ ಸದ್ದು ಮಾಡಿ, ಅಲ್ಲಿಂದಲೇ ಕೂಗಿದರು:

"ಏನಮ್ಮಾ, ಮೂರನೇ ಷರತ್ತು ಏನಾಯ್ತು? ಆರು ದಿನದ್ದು ಬಾಕಿ ಇದೆ. ಪೆನ್ಸಿಲ್ ಕೆತ್ತಿಟ್ಟಿದ್ದೀನಿ, ಶುರುಮಾಡು!"